ಕೇಳದ ಸಾವಿಗೆ ಸೂತಕವಿಲ್ಲ

ಅಕ್ಕನ ಮದುವೆಗೆ ಏನು ಉಡಬೇಕು, ಬಂದವರಿಗೆ ಏನು ಕುಡಿಸಬೇಕು ಎಂಬ ಜಗಳ ನಮ್ಮ ಮನೆಯಲ್ಲಿ ಮಾವು ಹೂ ಬಿಡುವ ಹೊತ್ತಿಗೆ ಶುರುವಾಗಿ, ಕಾಯಿ ಕಿತ್ತು ಲಾರಿಗೆ ತುಂಬುವ ಹೊತ್ತಿಗೂ ಮುಗಿದಿರಲಿಲ್ಲ. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ತಮಿಳುನಾಡಿನ ಪೆರಿಯಕುಳಂ ಮತ್ತು ತೇನಿ ನಡುವಿನ ರಸ್ತೆಯ ಪಕ್ಕದಲ್ಲಿ, ತಮಿಳು ಬೆರೆತ ಕನ್ನಡವಾಡುವ ನಮ್ಮ ಮನೆ, ಮನೆಯ ಹಿಂದೆ ನಮ್ಮ ಮಾವಿನ ತೋಪು. ಅಕ್ಕ ದಿಂಡಿಗಲ್‌ನ ಹಾಸ್ಟೆಲಿನಲ್ಲಿದ್ದು ಓದಿ ಬಂದವಳು. ಅಲ್ಲಿ ಜೊತೆಗೆ ಓದಿದ ಕ್ರಿಶ್ಚಿಯನ್ ಹುಡುಗಿಯ ಮದುವೆಗೆ ಹೋಗಿ ಬಂದ ದಿನದಿಂದ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ನೆಲ ಗುಡಿಸುವಷ್ಟು ಉದ್ದದ ಬಿಳಿ ಗೌನಂತೆ, ತಲೆಯಿಂದ ಇಳಿಬಿಟ್ಟ ಬಲೆಬಟ್ಟೆಯಂತೆ, ಕೈಯಲ್ಲಿ ಹೂವಿನ ಗೊಂಚಲಂತೆ, ಬಂದವರಿಗೆಲ್ಲ ಗಾಜಿನ ಲೋಟದಲ್ಲಿ ಕಪ್ಪು ದ್ರಾಕ್ಷಿಯ ತಣ್ಣನೆ ರಸವಂತೆ. ಅದನ್ನೇ ಹೇಳಿದ್ದು, ಹೇಳಿದ್ದು.

"ಬೆಳ್ಳಗೆ ಉಟ್ಕೊಂಡು ಮಣೆ ಮ್ಯಾಲೆ ಕೂರಕ್ಕೆ ನಿಂಗೆ ಯಾರು ಸತ್ತವ್ರೆ ಪುಳ್ಳೆ?" ಎಂದು ಅವ್ವ ಅಡುಗೆಮನೆಯಿಂದಲೇ ಕೂಗಿದಳು. ಪುಳ್ಳೆ ಎಂದರೆ ನಮ್ಮ ಕಡೆ ಹುಡುಗಿ. ಅವ್ವನ ಬಾಯಿ ಹಾಗೇ. ಬೈಯುವುದಕ್ಕೆ ಎದುರಿಗೆ ಯಾರಾದರೂ ಇರಬೇಕು ಎಂದೇನಿಲ್ಲ. ಹಾಲು ಉಕ್ಕಿದರೆ ಹಾಲನ್ನು ಬೈಯುತ್ತಿದ್ದಳು, ಬಸ್ಸು ತಡವಾದರೆ ರಸ್ತೆಯನ್ನು ಬೈಯುತ್ತಿದ್ದಳು. ಅಪ್ಪ ಮಾತ್ರ ಒಂದು ಮಾತಿಗೆ ಎರಡನೆಯ ಮಾತು ಸೇರಿಸದ ಮನುಷ್ಯ. ನಾಲ್ಕು ಜನ ಇರುವ ಮನೆಯಲ್ಲೂ ಅವನು ಎಲ್ಲಿದ್ದಾನೆ ಎಂದು ಹುಡುಕಬೇಕಾಗುತ್ತಿತ್ತು.

ಗೌನಿನ ಆಸೆ ಹೋದ ಮೇಲೆ ಅಕ್ಕ ವಾರಪತ್ರಿಕೆಯ ಚಿತ್ರ ಹಿಡಿದು ಬಂದಳು. ಈರುಳ್ಳಿ ಸಿಪ್ಪೆಯ ಬಣ್ಣದ ಸೀರೆ, ತಲೆಯ ಮೇಲೆ ತೆಳ್ಳನೆ ಹೊದಿಕೆ. ತೇನಿಯಲ್ಲಿ ಹೊಸದಾಗಿ ತೆರೆದಿದ್ದ ಬ್ಯೂಟಿ ಪಾರ್ಲರಿನ ಹೆಂಗಸೇ ಬಂದು ಅಲಂಕಾರ ಮಾಡಬೇಕು. ಪಾನಕ ಹಳ್ಳಿಯವರ ಕುಡಿತ, ಅದು ಬೇಡ. ಗಂಡಿನ ಕಡೆಯವರು ವೇದಸಂದೂರಿನವರು. ಹುಡುಗ ನೂಲಿನ ಮಿಲ್ಲಿನಲ್ಲಿ ಸೂಪರ್‌ವೈಸರ್, ಅವನ ಜೊತೆಯವರು ಬರುತ್ತಾರೆ, ಅವರೆದುರು ಸ್ಟೀಲ್ ಲೋಟದಲ್ಲಿ ಬೆಲ್ಲದ ನೀರು ಹಿಡಿಯುವುದೇ ಎಂದು ಅವಳ ವಾದ. ಅವ್ವನದು ಒಂದೇ ಹಟ. ಪಾನಕವಿಲ್ಲದೆ ತಾಳಿ ಇಲ್ಲ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ನಡುವೆ ನಾನು ಇಬ್ಬರ ಪರವಾಗಿಯೂ ತಲೆಯಾಡಿಸಿಕೊಂಡು ಹಪ್ಪಳ ಒಣಗಿಸುತ್ತಿದ್ದೆ.

ಈ ಜಗಳವನ್ನು ಮುಗಿಸಿದವನು ಮಾವ. ಅವ್ವನ ತಮ್ಮ. ಅಜ್ಜ ಅಜ್ಜಿ ಬೇಗ ಹೋಗಿಬಿಟ್ಟಿದ್ದರಿಂದ ಅವನನ್ನು ಅವ್ವನೇ ಸಾಕಿ ಬೆಳೆಸಿದ್ದಳು. ತನ್ನ ಮದುವೆಯಾದ ಮೇಲೂ ಸೊಂಟದ ಮೇಲೆ ಕೂರಿಸಿಕೊಂಡು ಇದೇ ಮನೆಗೆ ಕರೆತಂದಿದ್ದಳಂತೆ. ಅವನು ದೊಡ್ಡವನಾಗಿ ಬೋಡಿಯಲ್ಲಿ ಮನೆ ಮಾಡಿದ. ಬೋಡಿಮೆಟ್ಟಿನ ಘಾಟಿಯ ಮೇಲೆ ಸಣ್ಣದೊಂದು ಏಲಕ್ಕಿ ತೋಟ ಇಟ್ಟುಕೊಂಡ. ಅವ್ವನಿಗೆ ತವರು ಎಂದರೆ ಊರಲ್ಲ, ಮನೆಯಲ್ಲ, ಆ ಒಬ್ಬ ಮನುಷ್ಯ. ಅವನು ಬಂದರೆ ಸಾಕು, ಅವಳ ದನಿ ಅರ್ಧಕ್ಕೆ ಇಳಿಯುತ್ತಿತ್ತು.

ಮಾವ ಬಂದು ಜಗುಲಿಯ ಮೇಲೆ ಕೂತು ತೀರ್ಪು ಕೊಟ್ಟ. "ಹಿಂದಿನ ಸಾಯಂಕಾಲ ರಿಸೆಪ್ಸನ್ನಿಗೆ ಮಗಳ ಆಸೆಯಂಗೆ. ಈರುಳ್ಳಿ ಬಣ್ಣ, ದ್ರಾಕ್ಷಿ ರಸ, ಗಾಜಿನ ಲೋಟ. ದ್ರಾಕ್ಷಿ ನಾನು ಕಂಬಂ ಕಡೆಯಿಂದ ಸೊಲ್ಲಿ ತರಿಸ್ತೀನಿ. ಮೂರ್ತಕ್ಕೆ ಅಕ್ಕ ಹೇಳಿದಂಗೆ. ನನ್ ಸೀಲೆ, ಅವಳ ಪಾನಕ. ಸರಿಯಾ?" ಸರಿ ಎನ್ನದೆ ಇರುವ ಧೈರ್ಯ ಯಾರಿಗಿತ್ತು?

ನಮ್ಮ ಮನೆಗಳಲ್ಲಿ ಸೋದರಮಾವನ ಸೀರೆಗೆ ಅಷ್ಟು ಬೆಲೆ. ಮುಹೂರ್ತದ ಸೀರೆಯನ್ನು ಅವನೇ ತರಬೇಕು. ತಟ್ಟೆಯಲ್ಲಿಟ್ಟು ತಲೆಯ ಮೇಲೆ ಹೊತ್ತು ಚಪ್ಪರದೊಳಗೆ ಬರಬೇಕು. ಅದು ಬಂದ ಮೇಲೆಯೇ ಹೆಣ್ಣು ಒಳಕೋಣೆಯಿಂದ ಹೊರಗೆ. ತಾಳಿಯಾದ ಮೇಲೆ ಕುಡಿಸುವ ಪಾನಕದ ಮೊದಲ ಲೋಟವೂ ಅವನದೇ. ಹೆಣ್ಣು ಕೊಟ್ಟವನ ಗಂಟಲು ಮೊದಲು ತಂಪಾಗಬೇಕು ಎನ್ನುತ್ತಾರೆ. ಮಾವ ಕಡುಗೆಂಪು ಅರಗು ಬಣ್ಣದ ರೇಷ್ಮೆ ತೆಗೆದಿಟ್ಟಿದ್ದ. ಅವ್ವ ಅದನ್ನು ನೋಡಿ ಮೂಗು ಮುರಿಯಲಿಲ್ಲ ಎಂಬುದೇ ನಮಗೆ ಸುದ್ದಿ.

"ಪಾನಕಕ್ಕೆ ಅಂಗಡಿ ಏಲಕ್ಕಿ ಹಾಕಬೇಡ ಅಕ್ಕ, ನಮ್ ತೋಟದ್ದೇ ತರ್ತೀನಿ" ಎಂದ ಅವನು.

"ನೀ ತರದಿದ್ರೆ ನಾನು ಬೆಲ್ಲಾನೇ ಕರಗಿಸಲ್ಲ, ನೋಡ್ಕೋ" ಎಂದಳು ಅವ್ವ.

ಇಬ್ಬರೂ ನಕ್ಕರು. ಅಷ್ಟೇ ಆದದ್ದು. ಇದರಲ್ಲಿ ತಪ್ಪು ಯಾರದು ಎಂದು ಆಮೇಲೆ ಬಹಳ ಜನ ಹುಡುಕಿದರು. ನನಗಂತೂ ಸಿಗಲಿಲ್ಲ.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಮಾವ ಜೀಪಿನಲ್ಲಿ ಬೋಡಿಮೆಟ್ಟಿಗೆ ಹತ್ತಿದ. ಅಲ್ಲಿಂದ ಏಲಕ್ಕಿ ತೆಗೆದುಕೊಂಡು ನೇರ ನಮ್ಮ ಮನೆಗೆ ಬರುವುದಾಗಿ ಹೇಳಿ, ಸೀರೆಯನ್ನೂ ಜೊತೆಯಲ್ಲೇ ಇಟ್ಟುಕೊಂಡಿದ್ದ. ಅತ್ತೆ, ಅಂದರೆ ಅವನ ಹೆಂಡತಿ, ಮಕ್ಕಳ ಜೊತೆ ಮರುದಿನ ಮೊದಲ ಬಸ್ಸಿಗೆ ಬರುವುದೆಂದು ಮಾತು.

ಸಾಯಂಕಾಲ ರಿಸೆಪ್ಷನ್ ನಡೆಯಿತು. ಪಾರ್ಲರಿನ ಹೆಂಗಸು ಅಕ್ಕನ ಮುಖಕ್ಕೆ ಬಳಿದ ಪುಡಿ ನೋಡಿ ಅವ್ವ "ಹಿಟ್ಟಿನ ಮೂಟೇಲಿ ಬಿದ್ದವಳಂಗೆ ಅವಳೆ" ಎಂದಳು. ಆದರೂ ಅಕ್ಕ ಚೆಂದ ಕಾಣುತ್ತಿದ್ದಳು. ವೀಡಿಯೋದವನ ದೀಪದ ಬೆಳಕಿಗೆ ಆ ಈರುಳ್ಳಿ ಬಣ್ಣ ಹೊಳೆಯುತ್ತಿತ್ತು. ಗಂಡಿನ ಕಡೆಯವರು ದ್ರಾಕ್ಷಿ ರಸದ ಗಾಜಿನ ಲೋಟ ಹಿಡಿದು ಫೋಟೋಗೆ ನಿಂತರು. ನನಗೂ ಒಂದು ಕ್ಷಣ ನಾವು ದೊಡ್ಡ ಮನೆಯವರು ಅನ್ನಿಸಿತು. ಅವ್ವ ಮಾತ್ರ ಚಪ್ಪರದ ಬಾಯಲ್ಲಿ ನಿಂತು ರಸ್ತೆ ನೋಡುತ್ತಿದ್ದಳು. ಮೇಲೆ ಮಳೆ ಹಿಡಿದಿದೆ, ಮಂಜು, ಮಾವ ತೋಟದಲ್ಲೇ ಉಳಿದಿರಬೇಕು ಎಂದರು ಯಾರೋ. ಎಸ್‌ಟಿಡಿ ಬೂತಿಗೆ ಹೋಗಿ ಬಂದವರು ಬೋಡಿಯ ಲೈನು ಸಿಗಲಿಲ್ಲ ಎಂದರು. "ಬರಲಿ ಅವನು" ಎಂದು ಅವ್ವ ಹಲ್ಲು ಕಡಿದಳು. ಅದು ಸಿಟ್ಟಲ್ಲ, ಮುದ್ದು.

ಅಷ್ಟು ಹೊತ್ತಿಗೆ ಮಾವ ಸತ್ತು ನಾಲ್ಕೈದು ಗಂಟೆ ಕಳೆದಿತ್ತು. ಮಧ್ಯಾಹ್ನ ಮೆಟ್ಟಿನಿಂದ ಇಳಿಯುವಾಗ ಒಂದು ತಿರುವಿನಲ್ಲಿ ಜೀಪು ಕೆಳಗೆ ಹೋಗಿತ್ತು.

ಇದು ನನಗೆ ತಿಳಿದದ್ದು ಆಮೇಲೆ. ಅವ್ವನಿಗೆ ತಿಳಿದದ್ದೂ ಆಮೇಲೆ. ಮದುವೆ ಮನೆಯಲ್ಲಿ ಇದನ್ನು ಮೊದಲು ಕೇಳಿದವನು ಅಪ್ಪ. ಮುಹೂರ್ತದ ಬೆಳಿಗ್ಗೆ, ಇನ್ನೂ ಬೆಳಕು ಸರಿಯಾಗಿ ಹರಿಯುವ ಮೊದಲು, ಬೋಡಿಯಿಂದ ಮಾವನ ಪಕ್ಕದ ಮನೆಯವನು ಬೈಕಿನಲ್ಲಿ ಬಂದ. ಅಪ್ಪ ಹಸುವಿನ ಕೊಟ್ಟಿಗೆಯ ಬಳಿ ಹಲ್ಲುಜ್ಜುತ್ತಿದ್ದ. ಬಂದವನು ಅಲ್ಲೇ ಸುದ್ದಿ ಹೇಳಿ, ಜೀಪಿನಲ್ಲಿ ಸಿಕ್ಕಿದ ಗಂಟನ್ನು ಅಪ್ಪನ ಕೈಗೆ ಕೊಟ್ಟ. ಗಂಟಿನಲ್ಲಿ ಪ್ಲಾಸ್ಟಿಕ್ ಕವರಿನ ಸೀರೆ ಮತ್ತು ಏಲಕ್ಕಿಯ ಬಟ್ಟೆಚೀಲ. ಎರಡೂ ನೆನೆದಿರಲಿಲ್ಲ. "ಮಧ್ಯಾನಕ್ಕೆ ಎತ್ತುತಾರೆ ಅಣ್ಣ, ಮದ್ನೀನ ಕರ್ಕೊಂಡು ಸೀಕ್ರಂ ಬನ್ನಿ" ಎಂದು ಹೇಳಿ ಅವನು ತಿರುಗಿ ಹೋದ. ನಮ್ಮ ಕಡೆ ಅತ್ತಿಗೆಯ ಸ್ಥಾನದ ಹೆಂಗಸರನ್ನು ಮದ್ನಿ ಎನ್ನುತ್ತಾರೆ. ಹಾಗೆಂದರೆ ಅವ್ವ.

ಕೇಳದ ಸಾವಿಗೆ ಸೂತಕವಿಲ್ಲ ಎಂಬುದು ನಮ್ಮ ಹಿರಿಯರ ಮಾತು. ಸುದ್ದಿ ಕಿವಿಗೆ ಬೀಳುವ ತನಕ ಮೈಲಿಗೆ ಹತ್ತುವುದಿಲ್ಲ. ಬಿದ್ದರೆ, ತಾಳಿ ಕೈಯಲ್ಲಿದ್ದರೂ ನಿಲ್ಲಿಸಬೇಕು. ಹಾಗೆ ನಿಂತ ಮದುವೆಯ ಹೆಣ್ಣು ಏನಾಗುತ್ತಾಳೆ ಎಂದು ನಮ್ಮ ಬೀದಿಗೆಲ್ಲ ಗೊತ್ತಿತ್ತು. ಮೂರು ಮನೆ ಆಚೆಯ ಹುಡುಗಿಯ ಮದುವೆ ಅವಳ ಅಜ್ಜ ಸತ್ತ ಸುದ್ದಿಗೆ ಮಣೆಯ ಮೇಲೆ ನಿಂತಿತ್ತು. ಅಜ್ಜನಿಗೆ ತೊಂಬತ್ತು ದಾಟಿತ್ತು. ಆದರೂ ಕಾಲ್ಗುಣ ಎಂದರು. ಗಂಡಿನವರು ತಿರುಗಿ ಬರಲಿಲ್ಲ, ಬೇರೆಯವರೂ ಬರಲಿಲ್ಲ. ಕೊನೆಗೆ ಅವಳನ್ನು ದೊಡ್ಡ ದೊಡ್ಡ ಮಕ್ಕಳಿದ್ದವನಿಗೆ ಎರಡನೆಯವಳಾಗಿ ಕೊಟ್ಟರು. ಅಪ್ಪ ಗಂಟು ಹಿಡಿದು ಕೊಟ್ಟಿಗೆಯಲ್ಲಿ ನಿಂತಿದ್ದಾಗ ಅವನ ಕಣ್ಣೆದುರು ಇದ್ದದ್ದು ಆ ಹುಡುಗಿ. ಹಾಗೆಂದು ಅವನೇ ನನಗೆ ಹೇಳಿದ. ಒಂದು ಕಡೆ ಮಗಳ ಬಾಳು, ಇನ್ನೊಂದು ಕಡೆ ಹೆಂಡತಿ ತನ್ನ ತಮ್ಮನ ಮುಖವನ್ನು ಕೊನೆಯ ಸಲ ನೋಡುವುದು. ಎರಡೂ ಆಗುತ್ತದೆ ಎಂದು ಲೆಕ್ಕ ಹಾಕಿದನಂತೆ. ತಾಳಿ ಏಳಕ್ಕೆ ಮುಗಿದರೆ ಹತ್ತಕ್ಕೆಲ್ಲ ಬೋಡಿಯಲ್ಲಿರಬಹುದು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಅಪ್ಪ ಒಂದೇ ಹೇಳಿದ. ಗಂಟನ್ನು ಅವ್ವನ ಮುಂದಿಟ್ಟು, "ಮೆಟ್ಟಲ್ಲಿ ಮರ ಬಿದ್ದು ದಾರಿ ಕಟ್ಟೈತಂತೆ. ತಂಬಿ ಆ ಕಡೆ ನಿಂತವ್ನೆ. ಇದನ್ನ ಒಬ್ಬನ ಕೈಲಿ ನಡಿಸಿ ಕಳಿಸವ್ನೆ" ಎಂದ.

ಮಾತಾಡದ ಮನುಷ್ಯನ ಸುಳ್ಳನ್ನು ಯಾರೂ ಅನುಮಾನಿಸುವುದಿಲ್ಲ. ಅವ್ವ ನಂಬಿದಳು. ನಂಬಿ ಬೈಯಲು ಶುರುಮಾಡಿದಳು. "ಗಂಟು ನಡೆದು ಬಂತು, ಇವನಿಗೆ ನಡೆಯಕ್ಕೆ ಆಗ್ಲಿಲ್ವಾ? ಒಬ್ಬಳೇ ಮಗಳ ಕಲ್ಯಾಣ ಇದ್ದಂಗೆ ಕುಣೀತಾ ಇದ್ದ, ಈಗ ಮರ ಬಿತ್ತಂತೆ ಮರ! ಮರ ಹತ್ತಿ ಇಳಿಯಕ್ಕೆ ಇವನಿಗೆ ಬರದಿಲ್ವಾ?" ಸುತ್ತಲಿದ್ದ ಹೆಂಗಸರು ನಕ್ಕರು. ಅವ್ವ ಇನ್ನೂ ಜೋರಾಗಿ ಬೈದಳು. ವೀಡಿಯೋದವನು ಅದನ್ನೂ ಹಿಡಿದ.

ಸೀರೆಯನ್ನು ತಟ್ಟೆಯಲ್ಲಿಟ್ಟು ತಲೆಯ ಮೇಲೆ ಹೊತ್ತು ತಂದವನು ಅವ್ವನ ದೂರದ ಸಂಬಂಧದ ಒಬ್ಬ ಅಣ್ಣ. ಅವನಿಗೂ ಏನೂ ಗೊತ್ತಿರಲಿಲ್ಲ. ಸತ್ತವನ ಜೀಪಿನಿಂದ ತೆಗೆದ ಸೀರೆಯನ್ನು ಅಕ್ಕ ಉಟ್ಟು ಮಣೆಯ ಮೇಲೆ ಕೂತಳು. ಅರಗು ಬಣ್ಣ ಅವಳಿಗೆ ಒಪ್ಪಿತ್ತು. ಹಿಂದಿನ ಸಂಜೆಯ ಈರುಳ್ಳಿ ಬಣ್ಣಕ್ಕಿಂತ ಚೆನ್ನಾಗಿ ಒಪ್ಪಿತ್ತು. ಇದು ಹೇಳಬಾರದ ಮಾತೇನೋ, ಆದರೆ ನಿಜ.

ಅತ್ತೆ ಮಕ್ಕಳು ಬಂದಿರಲಿಲ್ಲ. ದಾರಿ ಕಟ್ಟಿರುವುದು ಬೋಡಿಮೆಟ್ಟಿನಲ್ಲಿ, ಬೋಡಿಯಿಂದ ಬರುವವರಿಗೆ ಏನಾಯಿತು ಎಂದು ನಾನು ಒಂದು ಸಲ ಯೋಚಿಸಿದೆ. ಅಷ್ಟರಲ್ಲಿ ಯಾರೋ ಹೂವಿನ ಬುಟ್ಟಿ ಎಲ್ಲಿ ಎಂದು ಕೂಗಿದರು.

ತಾಳಿಯಾಯಿತು. ಅಪ್ಪ ಆ ಕ್ಷಣಕ್ಕೇ ಹೇಳಬೇಕೆಂದು ಎದ್ದು ನಿಂತನಂತೆ. ಆದರೆ ಅವ್ವ ಹಂಡೆಯ ಮುಂದೆ ಕೂತುಬಿಟ್ಟಿದ್ದಳು. ಬೆಲ್ಲ ಕರಗಿಸಿ, ಶುಂಠಿ ಕುಟ್ಟಿ, ನಿಂಬೆ ಹಿಂಡಿ, ಕೊನೆಗೆ ಮಾವನ ಚೀಲ ಬಿಚ್ಚಿ ಏಲಕ್ಕಿ ಪುಡಿ ಮಾಡಿ ಹಾಕಿದಳು. ಆ ವಾಸನೆ ಚಪ್ಪರದ ಕೊನೆಯ ತನಕ ಹೋಯಿತು. ಮೊದಲ ಲೋಟವನ್ನು ತುಂಬಿ, ಮೇಲೆ ಬಾಳೆಯೆಲೆಯ ಚೂರು ಮುಚ್ಚಿ, "ಇದು ಆ ಮರ ಹತ್ತಕ್ಕೆ ಬರದವನಿಗೆ" ಎಂದು ಗೂಡಿನಲ್ಲಿ ಎತ್ತಿಟ್ಟಳು. ಆಮೇಲೆ ವೇದಸಂದೂರಿನವರಿಗೆ ಕುಡಿಸಲು ನಿಂತಳು. ಅವರಿಗೆ ದ್ರಾಕ್ಷಿ ರಸಕ್ಕಿಂತ ಇದೇ ಹಿಡಿಸಿತು. ಎರಡೆರಡು ಲೋಟ ಕುಡಿದರು. ಹುಡುಗನ ತಾಯಿ "ಏನು ಏಲಕ್ಕಿ ಇದು!" ಎಂದಾಗ ಅವ್ವ ಸೆರಗು ಸರಿಮಾಡಿಕೊಂಡು "ನಮ್ ತಂಬಿ ತೋಟದ್ದು" ಎಂದಳು. ಅವಳನ್ನು ನಾನು ಅಷ್ಟು ಹೆಮ್ಮೆಯಲ್ಲಿ ಕಂಡದ್ದು ಅದೊಂದೇ ಸಲ.

ಅಪ್ಪ ಮತ್ತೆ ಕೂತ. ಬೀಗರ ಎದುರಿಗೆ ಅವ್ವ ಕಿರುಚಿದರೆ ಮುಗಿಯಿತು, ಹೆಣ್ಣನ್ನು ಕರೆದುಕೊಂಡು ಹೋಗುವ ಮುನ್ನವೇ ಮನೆಗೆ ಸಾವು ಬಂತು ಎನ್ನುತ್ತಾರೆ. ಊಟ ಮುಗಿಯಲಿ ಎಂದುಕೊಂಡ. ಊಟ ಮುಗಿದ ಮೇಲೆ ರಾಹುಕಾಲ. ರಾಹುಕಾಲ ಕಳೆದು ಹೆಣ್ಣು ಒಪ್ಪಿಸುವ ತನಕ ಎಂದುಕೊಂಡ. ಗಂಡಿನವರ ವ್ಯಾನು ದಿಂಡಿಗಲ್ ಕಡೆಗೆ ತಿರುಗಿ ಮರೆಯಾದಾಗ ಬಿಸಿಲು ನೆತ್ತಿ ದಾಟಿತ್ತು. ಇವತ್ತಿಗೂ ನನ್ನ ಸಿಟ್ಟು ಇಳಿಯದಿರುವುದು ಈ ಜಾಗದಲ್ಲಿ. ತಾಳಿಯ ತನಕ ಮುಚ್ಚಿಟ್ಟದ್ದನ್ನು ನಾನು ಕ್ಷಮಿಸಬಲ್ಲೆ. ಆಮೇಲಿನ ಪ್ರತಿಯೊಂದು ಗಂಟೆ ಅವ್ವನದಾಗಿತ್ತು. ಅದನ್ನು ಅಪ್ಪ ಬೀಗರಿಗೆ ಬಡಿಸಿಬಿಟ್ಟ.

ಕಾರು ಬಂದು ನಿಂತಾಗ ಅಪ್ಪ, "ಹತ್ತು. ತಂಬಿಗೆ ಅಡಿ ಪಟ್ಟೈತಂತೆ" ಎಂದ. ಪೆಟ್ಟಾಗಿದೆ ಎಂದರ್ಥ. ಅವ್ವ ರೇಷ್ಮೆ ಸೀರೆಯಲ್ಲೇ, ಮುಡಿದ ಮಲ್ಲಿಗೆಯಲ್ಲೇ ಹತ್ತಿದಳು. ನಾನೂ ಹತ್ತಿದೆ. ಅವಳ ಕೈಗೆ ಇನ್ನೂ ಏಲಕ್ಕಿಯ ವಾಸನೆಯಿತ್ತು. ತೇನಿ ದಾಟುವ ತನಕ ಎಲ್ಲಿ ಪೆಟ್ಟು, ಯಾವ ಆಸ್ಪತ್ರೆ, ಮಾತಾಡುತ್ತಾನಾ ಎಂದು ಕೇಳುತ್ತಲೇ ಇದ್ದಳು. ತೇನಿ ದಾಟಿದ ಮೇಲೆ ಅಪ್ಪ ಮುಂದಿನ ಸೀಟಿನಿಂದ ತಿರುಗದೆ, "ಇಲ್ಲ. ನೆನ್ನೆನೇ ಹೋಗ್ಬಿಟ್ಟ" ಎಂದ.

ಅವ್ವ ಕೂಗಲಿಲ್ಲ. "ನೆನ್ನೆನೇನಾ?" ಎಂದಳು. ಮುಡಿಯಿಂದ ಮಲ್ಲಿಗೆ ಕಿತ್ತು ಕಿಟಕಿಯಿಂದ ಹೊರಗೆ ಹಾಕಿದಳು. "ಬೇಗ ಓಡ್ಸಪ್ಪ" ಎಂದು ಡ್ರೈವರಿಗೆ ಹೇಳಿದಳು. "ಮೊಕ ನೋಡ್ಬೇಕು."

ನಾವು ಬೋಡಿ ಮುಟ್ಟಿದಾಗ ಬೀದಿಯಲ್ಲಿ ಬಿಡಿ ಹೂಗಳು ಚೆಲ್ಲಿದ್ದವು. ಎತ್ತಿಕೊಂಡು ಹೋಗಿ ಆಗಿತ್ತು. ಸುಡುಗಾಡಿಗೆ ನಮ್ಮಲ್ಲಿ ಹೆಂಗಸರು ಹೋಗುವುದಿಲ್ಲ. ಅವ್ವ ಹಾಗೇ ಬೀದಿಯ ಕೊನೆಯ ತನಕ ಓಡಿದಳು. ಅಲ್ಲಿ ನಾಲ್ಕು ಜನ ಹೆಂಗಸರು ಅವಳನ್ನು ಹಿಡಿದು ತಿರುಗಿಸಿ ಕರೆತಂದರು. ಬಾಗಿಲಲ್ಲಿ ಅತ್ತೆ ಕೂತಿದ್ದಳು. ಅವಳ ಅಣ್ಣತಮ್ಮಂದಿರು ಪಕ್ಕದಲ್ಲಿ ನಿಂತಿದ್ದರು. ಅತ್ತೆ ಅವ್ವನ ರೇಷ್ಮೆಯನ್ನು ಅಂಚಿನಿಂದ ಸೆರಗಿನ ತನಕ ನೋಡಿದಳು.

"ಕತ್ತಲು ಹರಿಯಕ್ಕೆ ಮುಂಚೆ ಸೇದಿ ಹೇಳಿ ಕಳಿಸಿದ್ದೆ ಮದ್ನಿ" ಎಂದಳು. ಸುದ್ದಿಗೆ ನಮ್ಮ ಕಡೆ ಸೇದಿ ಎನ್ನುತ್ತಾರೆ. "ಹೇಳ್ದೆ ಅಂತ ಹೋದವನು ಬಂದು ಹೇಳ್ದ. ಕಾಯ್ದು ಕಾಯ್ದು ಸಾಕಾಯ್ತು. ಅಕ್ಕ ಬರ್ಲಿ, ಅಕ್ಕ ಬರ್ಲಿ ಅಂತ ನಾನೇ ಎತ್ತಕ್ಕೆ ಬಿಡ್ಲಿಲ್ಲ. ನಿಮ್ಗೆ ಪಾನಕ ಕುಡಿಸಿ ಮುಗೀಬೇಕಾಗಿತ್ತಾ? ಅವರು ಸತ್ತಿದ್ದೇ ಆ ಏಲಕ್ಕಿ ತರಕ್ಕೆ ಹೋಗಿ."

ನನ್ನ ಬಾಯಿ ತೆರೆಯಿತು. ಅವ್ವನಿಗೆ ಗೊತ್ತೇ ಇರಲಿಲ್ಲ ಎಂದು ಹೇಳಲು ಒಂದು ಉಸಿರು ಸಾಕಾಗಿತ್ತು. ಅವ್ವ ನನ್ನ ಮಣಿಕಟ್ಟು ಹಿಡಿದು ಹಿಂಡಿದಳು. ಬಳೆ ಒಡೆದು ಚುಚ್ಚಿತು. ಅಪ್ಪ ನಮ್ಮ ಹಿಂದೆ ನಿಂತಿದ್ದ. ಗಂಡನನ್ನು ತವರಿನ ಅಂಗಳದಲ್ಲಿ ಬಿಟ್ಟುಕೊಡಬಾರದು ಎಂದು ಅವಳಿಗೆ ಯಾರು ಕಲಿಸಿದ್ದರೋ. ಅವನು ಮುಚ್ಚಿಟ್ಟ ಎಂದಿದ್ದರೆ ಅತ್ತೆಯ ಅಣ್ಣತಮ್ಮಂದಿರು ಅವನನ್ನು ಅಲ್ಲೇ ಹೊಡೆಯುತ್ತಿದ್ದರು. ನನಗೆ ಅದು ನ್ಯಾಯ ಅನ್ನಿಸುತ್ತಿತ್ತು. ಅತ್ತೆ ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಅವ್ವನ ತವರು ಅಷ್ಟಕ್ಕೆ ಮುಗಿಯಿತು.

ಅಕ್ಕನ ಬಾಳು ನೆಟ್ಟಗಿತ್ತು. ಅದನ್ನು ಹೇಳದಿದ್ದರೆ ಅಪ್ಪನಿಗೆ ಅನ್ಯಾಯವಾಗುತ್ತದೆ. ಬೀಗರು ಕೇಳಿದರು, ಗೊಣಗಿದರು, ಆದರೆ ತಾಳಿ ಕಟ್ಟಿಯಾಗಿತ್ತು, ಹುಡುಗ ಒಳ್ಳೆಯವನಾಗಿದ್ದ. ಅಕ್ಕ ಆ ಅರಗು ಸೀರೆಯನ್ನು ಮತ್ತೆ ಉಡಲಿಲ್ಲ, ಯಾರಿಗೂ ಕೊಡಲೂ ಇಲ್ಲ. ವೀಡಿಯೋ ಕ್ಯಾಸೆಟ್ ಬಂದಾಗ ಎಲ್ಲರ ಮನೆಯಲ್ಲೂ ನೋಡಿದರು. ನಮ್ಮ ಮನೆಯಲ್ಲಿ ಒಂದೇ ಸಲ ಹಾಕಿದೆವು. ಅವ್ವ ತಾನು ನಗುವ ಜಾಗ ಬಂದಾಗ ಟೀವಿಯ ಹತ್ತಿರ ಹೋಗಿ ಕೂತಳು. ತನ್ನ ಮುಖವನ್ನೇ ನೋಡುತ್ತಿದ್ದಳು. ಒಡಹುಟ್ಟಿದವರಿಗೆ ಏನಾದರೂ ಆದರೆ ಹೊಟ್ಟೆಗೆ ಮೊದಲೇ ಗೊತ್ತಾಗುತ್ತದೆ ಎಂದು ನಮ್ಮ ಹೆಂಗಸರು ನಂಬುತ್ತಾರೆ. ಆ ಮುಖದಲ್ಲಿ ಎಲ್ಲಾದರೂ ಒಂದು ಗೀರು ಕಾಣುತ್ತದೆಯೇ ಎಂದು ಅವಳು ಹುಡುಕುತ್ತಿದ್ದಳು. ಕಾಣಲಿಲ್ಲ. ಅವಳು ಎಲ್ಲ ಕಡೆಯೂ ಚೆನ್ನಾಗಿ ನಗುತ್ತಿದ್ದಳು.

ಆಮೇಲೆ ಅವಳು ಅಪ್ಪನಿಗೆ ಅಡುಗೆ ಮಾಡಿ ಹಾಕಿದಳು, ಬಟ್ಟೆ ಒಗೆದಳು, ಜ್ವರ ಬಂದರೆ ಕಷಾಯ ಕೊಟ್ಟಳು. ಬೈಯುವುದನ್ನು ಮಾತ್ರ ನಿಲ್ಲಿಸಿಬಿಟ್ಟಳು. ಹಾಲನ್ನು ಬೈಯುತ್ತಿದ್ದಳು, ಬಸ್ಸನ್ನು ಬೈಯುತ್ತಿದ್ದಳು, ನನ್ನನ್ನಂತೂ ಹಗಲಿಡೀ. ಅಪ್ಪನನ್ನು ಮತ್ತೆಂದೂ ಬೈಯಲಿಲ್ಲ. ಮೂವತ್ತು ವರ್ಷ ಬೈಸಿಕೊಂಡ ಮನುಷ್ಯ ಆ ಮೌನದಲ್ಲಿ ಒಣಗಿಹೋದ. ಒಂದು ದಿನ ತೋಪಿನಲ್ಲಿ ನನ್ನ ಎದುರು ಕೂತು ಆ ಬೆಳಗಿನದನ್ನೆಲ್ಲ ಹೇಳಿ, "ಒಂದ್ ಸಲ ಬೈದುಬಿಡು ಅಂತ ನೀನಾದ್ರೂ ಅವಳಿಗೆ ಹೇಳು" ಎಂದ. ನಾನು ಹೇಳಲಿಲ್ಲ. ಹೇಳಿದ್ದರೂ ಅವಳು ಕೇಳುತ್ತಿರಲಿಲ್ಲ.

ಎರಡು ವರ್ಷದ ಮೇಲೆ ನನ್ನ ಮದುವೆ ಗೊತ್ತಾಯಿತು. ಈ ಸಲ ಯಾರೂ ಬಣ್ಣದ ಬಗ್ಗೆ ಜಗಳವಾಡಲಿಲ್ಲ. ಮುಹೂರ್ತದ ಸೀರೆ ತವರಿನಿಂದ ಬರಬೇಕು, ಕರೆಯದೆ ಇರುವಂತಿಲ್ಲ ಎಂದು ಅವ್ವ ತಟ್ಟೆಯಲ್ಲಿ ಹಣ್ಣು, ಎಲೆ, ಅಡಿಕೆ ಇಟ್ಟುಕೊಂಡು ನನ್ನನ್ನು ಕರೆದುಕೊಂಡು ಬೋಡಿಗೆ ಹೊರಟಳು. ಬಾಗಿಲಿಂದಲೇ ತಿರುಗಿಸಿ ಕಳಿಸುತ್ತಾರೆ ಎಂದು ನಾನು ಹೆದರಿದ್ದೆ. ಅತ್ತೆ ಬಾಗಿಲು ತೆರೆದು ಅವ್ವನ ಕೈಯ ತಟ್ಟೆ ನೋಡಿದಳು. ಆಮೇಲೆ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದಿಟ್ಟಳು. ಹಗೆಯಾದರೂ ಬಾಗಿಲಿಗೆ ಬಂದವರಿಗೆ ನೀರು ಕೊಡಬೇಕು. ಅವ್ವ ಎರಡು ಗುಟುಕು ಕುಡಿದಳು. ನಾನೂ ಕುಡಿದೆ.

ಅತ್ತೆ ತಟ್ಟೆಯನ್ನು ಮುಟ್ಟಲಿಲ್ಲ. ಗೋಡೆಗೆ ಒರಗಿ ಕೂತು, "ಒಂದೇ ಒಂದು ಕೇಳ್ತೀನಿ ಮದ್ನಿ, ನೆಜ ಹೇಳಿ" ಎಂದಳು. "ಕೈಲಿ ಎತ್ತಿ ಬೆಳ್ಸಿದವರು ನೀವು. ಆವತ್ತು ಬೆಳಗ್ಗೆ ನಿಮ್ಗೆ ಹೊಟ್ಟೇಲಿ ಒಂದೂ ಆಗ್ಲಿಲ್ವಾ?"

ಆಯಿತು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಕರುಳು ಕಿತ್ತು ಬಂತು, ಆದರೂ ಮಗಳಿಗೋಸ್ಕರ ನುಂಗಿಕೊಂಡೆ ಎಂದಿದ್ದರೆ ಅತ್ತೆ ಅಪ್ಪಿಕೊಂಡು ಅಳುತ್ತಿದ್ದಳೇನೋ. ಯಾವ ಹೆಂಗಸೂ ಆ ಜಾಗದಲ್ಲಿ ಅದನ್ನೇ ಹೇಳುತ್ತಿದ್ದಳು.

"ಇಲ್ಲ ತಾಯಿ" ಎಂದಳು ಅವ್ವ. "ಒಂದೂ ಆಗ್ಲಿಲ್ಲ. ನಗ್ತಾ ಇದ್ದೆ. ಇನ್ನೂ ಬರ್ಲಿಲ್ವಲ್ಲ ಅಂತ ಅವನ್ನ ಬೈತಾ ಇದ್ದೆ. ಎಲ್ಲಾರ್ನೂ ನಗಿಸ್ತಾ ಇದ್ದೆ. ಅವನಿಗೆ ಒಂದು ಲೋಟ ತೆಗೆದಿಟ್ಟಿದ್ದೆ."

ಅತ್ತೆ ಅವಳ ಮುಖವನ್ನೇ ನೋಡಿದಳು. ನೋಡುತ್ತ ನೋಡುತ್ತ ಅವಳ ಕೈ ಬಾಯಿಗೆ ಹೋಯಿತು. ಸತ್ತವನಿಗೆ ಯಾರೂ ಲೋಟ ತೆಗೆದಿಡುವುದಿಲ್ಲ.

"ಹಂಗಾದ್ರೆ ಅಣ್ಣ ನಿಮ್ಗೆ ಹೇಳ್ಲೇ ಇಲ್ವಾ?"

ಅವ್ವ ತಟ್ಟೆಯಲ್ಲಿ ಜಾರಿದ್ದ ಎಲೆಯನ್ನು ಸರಿಮಾಡಿದಳು. ಆಮೇಲೆ ಅವಳು ಎರಡು ವರ್ಷ ಕಾದಿಟ್ಟುಕೊಂಡಿದ್ದನ್ನು ಕೇಳಿದಳು. ಮದುವೆಗೆ ಕರೆಯಲು ಬಂದದ್ದು ನೆಪ, ಇದನ್ನು ಕೇಳಲೆಂದೇ ಬಂದಿದ್ದಳು ಎಂದು ನನಗೆ ಆಗ ಗೊತ್ತಾಯಿತು.

"ನಂಗೆ ಸಿಗ್ಲಿಲ್ಲ. ನೀನು ನೋಡಿದೀಯಲ್ಲ ತಾಯಿ, ಹೇಳು. ಅವನ ಮೊಕ ಹೆಂಗಿತ್ತು?"

ಅತ್ತೆ ತಲೆ ತಗ್ಗಿಸಿದಳು. ಹೊರಗೆ ಬಸ್ಸು ಹೋಯಿತು. "ನಾನೂ ನೋಡ್ಲಿಲ್ಲ ಮದ್ನಿ" ಎಂದಳು. "ಆಸ್ಪತ್ರೀಲಿ ಸುತ್ತಿ ಹೊಲ್ದು ಕೊಟ್ರು. ಬಿಚ್ಚಬೇಡಿ, ನೋಡಂಗಿಲ್ಲ ಅಂದ್ರು. ಅಣ್ಣ ತಮ್ಮಂದಿರು ಬಿಡ್ಲಿಲ್ಲ. ಕಾಲು ಮಾತ್ರ ಹೊರಗಿತ್ತು. ಕಾಲು ನೋಡ್ದೆ."

ಆ ಎರಡು ವರ್ಷ ಅವ್ವ ಈ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದು ಈ ಒಂದಕ್ಕೇ. ಬಾಗಿಲು ಹಾಕಿಕೊಂಡದ್ದಕ್ಕಲ್ಲ, ಬೈದದ್ದಕ್ಕಲ್ಲ. ಅವಳಿಗಾದರೂ ಮುಖ ಸಿಕ್ಕಿತು ಎಂದು. ಈಗ ಆ ಮುಖ ಯಾರಿಗೂ ಸಿಕ್ಕಿರಲಿಲ್ಲ. ಅವ್ವ ಕೂತಲ್ಲಿಂದಲೇ ನೆಲದ ಮೇಲೆ ಜರುಗಿ ಅತ್ತೆಯ ಪಕ್ಕಕ್ಕೆ ಹೋದಳು. ಗೋಡೆಗೆ ಬೆನ್ನು ಕೊಟ್ಟು, ಮಗುವಿಗೆ ಕೇಳುವಂತೆ ಮೆಲ್ಲಗೆ ಕೇಳಿದಳು.

"ಸರಿ. ಕಾಲು ಹೆಂಗಿತ್ತು, ಅದನ್ನ ಹೇಳು."